ಊರಿನವರ ಲೆಕ್ಕ ನೋಡುತ್ತೇನೆ, ನನ್ನದನ್ನು ನೋಡಲು ಭಯ

ಪ್ರಶ್ನೆ: ನನಗೆ 31 ವರ್ಷ. ಹಾಸನದ ಹತ್ತಿರ ಒಂದು ಹಳ್ಳಿಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೈಗೆ 58,000 ಬರುತ್ತದೆ. ಗೆಳತಿಯ ಜೊತೆ ಮನೆ ಮಾಡಿದ್ದೇನೆ, ನನ್ನ ಪಾಲಿನ ಬಾಡಿಗೆ 11,000. ಊರಿಗೆ 12,000 ಕಳಿಸುತ್ತೇನೆ. ಆಫೀಸಿನವರೇ ಸೇರಿ ನಡೆಸುವ 1 ಲಕ್ಷದ ಚೀಟಿ ಹಾಕಿದ್ದೇನೆ. ತಿಂಗಳಿಗೆ 5,000, ಒಟ್ಟು 20 ತಿಂಗಳು. 9 ಕಂತು ಕಟ್ಟಿದ್ದೇನೆ, ಇನ್ನೂ ಎತ್ತಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ 84,000 ಬಾಕಿ ಇದೆ. ಪ್ರತಿ ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತೇನೆ, ಸುಮಾರು 4,200. 20ನೇ ತಾರೀಖಿಗೆ ಅಕೌಂಟ್ ಖಾಲಿ. ಬ್ಯಾಂಕ್ ಆಪ್ ತೆರೆಯಲು ಎದೆ ಡವಡವ ಅನ್ನುತ್ತದೆ. ಊರಿಗೆ ಫೋನ್ ಮಾಡಿದ ರಾತ್ರಿ ಏನಾದರೂ ಆರ್ಡರ್ ಮಾಡುತ್ತೇನೆ, ಆಮೇಲೆ ನನ್ನನ್ನೇ ಬೈದುಕೊಳ್ಳುತ್ತೇನೆ. ಎಷ್ಟೋ ರಾತ್ರಿ ನಿದ್ದೆ ಬರುವುದಿಲ್ಲ. ನಿನ್ನ ಕೈಯಲ್ಲಿ ದುಡ್ಡು ನಿಲ್ಲಲ್ಲ, ಅಪ್ಪನ ಗುಣವೇ ಬಂದಿದೆ ಅನ್ನುತ್ತಾರೆ ಅಮ್ಮ. ನಾನು 8ನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮನ ಬಳೆ ಗಿರವಿ ಇಟ್ಟರು, ಬಿಡಿಸಲೇ ಇಲ್ಲ. ಚೀಟಿ ದುಡ್ಡನ್ನು ಆ ಬಳೆಗೆ ಅಂತ ಇಟ್ಟಿದ್ದೇನೆ. ಕೊನೇ ಚೀಟಿ ಎತ್ತಿದರೆ ಪೂರ್ತಿ ಸಿಗುತ್ತದೆ ಅಂತ ಕಾಯುತ್ತಿದ್ದೇನೆ. ದುಡ್ಡಿನ ಜೊತೆ ಸ್ವಲ್ಪ ನೆಮ್ಮದಿಯಾಗಿ ಇರುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಬ್ಯಾಂಕಿನವಳಾಗಿ, ಪೆನ್ಸಿಲ್ ಹಿಡಿದು, ಅಂಕಿಗಳ ಕೆಳಗೆ ಗೆರೆ ಎಳೆಯುತ್ತಾ ಓದಿದೆ. ಎರಡನೇ ಸಲ ಸುಮ್ನೆ ಓದಿದೆ. ಆಗ ಕಣ್ಣಿಗೆ ಬಿದ್ದಿದ್ದು ಬಳೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಎಲ್ಲರ ಮನೆ ದೋಸೆಯೂ ತೂತೇ ಅಲ್ವಾ.

ನಾನು 26 ವರ್ಷ ಬ್ಯಾಂಕಿನಲ್ಲಿದ್ದೆ, ಜಾಸ್ತಿ ಕಾಲ ಸಾಲದ ವಿಭಾಗದಲ್ಲಿ. ನೋಟಿಸ್ ಬಂದರೆ ಬಚ್ಚಿಡಬೇಡಿ, ಒಡೆದು ಓದಿ, ಶಾಖೆಗೆ ಬಂದು ಮಾತಾಡಿ ಅಂತ ದಿನಕ್ಕೆ ಹತ್ತು ಸಲ ರೈತರಿಗೆ ಹೇಳುತ್ತಿದ್ದೆ. ಅದೇ ಹೊತ್ತಿಗೆ, 2007ರಲ್ಲಿ, ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಬೇರೊಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಕವರುಗಳಿದ್ದವು. ಒಂದನ್ನೂ ಒಡೆದಿರಲಿಲ್ಲ. ಆಗೆಲ್ಲ ಸ್ಟೇಟ್‌ಮೆಂಟ್ ಅಂಚೆಯಲ್ಲಿ ಬರುತ್ತಿತ್ತು. ನಮ್ಮ ಯಜಮಾನರು ಮನೆಗೆ ಬರುವ ಮೊದಲೇ ಅದನ್ನು ಎತ್ತಿಕೊಂಡು ಸೀರೆ ಕೆಳಗೆ ತಳ್ಳಿಬಿಡುತ್ತಿದ್ದೆ. ವಸೂಲಿಯವರ ಫೋನ್ ಬಂದಾಗ ಕೈಗೆ ಸಿಕ್ಕಷ್ಟು ಕಟ್ಟುತ್ತಿದ್ದೆ. ಹೀಗೆ 11 ತಿಂಗಳು.

ದೀಪಾವಳಿಗೆ ಮನೆ ಒರೆಸುವಾಗ ಆ ಕಟ್ಟು ನಮ್ಮ ಅತ್ತೆಯ ಕೈಗೆ ಸಿಕ್ಕಿತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಇವು ಬೇಕಾದವಾ, ರದ್ದಿಗೆ ಹಾಕ್ಲಾ?" ಅಂದರು, ಅಷ್ಟೇ. ನನಗೆ ಬೆವರು ಇಳಿಯಿತು. ಆವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು, ತರಕಾರಿ ಹೆಚ್ಚುವ ಚಾಕುವಿನಲ್ಲಿ ಒಂದೊಂದೇ ಕವರು ಸೀಳಿದೆ. ಬಾಕಿ 70,000 ಇರಬಹುದು ಅಂತ ಮನಸ್ಸಿನಲ್ಲಿತ್ತು. ಇದ್ದದ್ದು 46,000 ಚಿಲ್ಲರೆ. ಅದೂ ಸಣ್ಣ ಮೊತ್ತವಲ್ಲ, ಆಗಿನ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆದರೂ ಅವತ್ತು ನಿದ್ದೆ ಬಂತು.

ಎಲ್ಲರಿಗೂ ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಜಾಸ್ತಿಯೇ ಇರುತ್ತದೆ. ಆದರೆ ಹಾಳೆ ಮೇಲೆ ಬಂದ ಅಂಕಿ ಇದ್ದಲ್ಲೇ ಇರುತ್ತದೆ. ತಲೆಯೊಳಗೆ ಇಟ್ಟುಕೊಂಡ ಅಂಕಿ ರಾತ್ರಿ ಒಂದು ಗಂಟೆಗೆ ಎದ್ದು ಓಡಾಡುತ್ತದೆ.

ಹಾಗಾಗಿ, ಇಡೀ ದಿನ ಕಂಪನಿಯ ಲೆಕ್ಕ ತಾಳೆ ಹಾಕುವ ನಿಮಗೆ ಸ್ವಂತ ಬ್ಯಾಂಕ್ ಆಪ್ ತೆರೆಯಲು ಭಯ ಅಂದರೆ ನನಗೇನೂ ಆಶ್ಚರ್ಯವಿಲ್ಲ. ಕಂಪನಿಯ ಲೆಕ್ಕದಲ್ಲಿ ಅಪ್ಪ ಇಲ್ಲ, ಬಳೆ ಇಲ್ಲ. ಅಲ್ಲಿ 84,000 ಅನ್ನುವುದು ಬರೀ ಒಂದು ಎಂಟ್ರಿ.

ಇನ್ನು "ನನ್ನ ಕೈಯಲ್ಲಿ ದುಡ್ಡು ನಿಲ್ಲಲ್ಲ" ಅನ್ನುವ ಮಾತು. ನೀವೇ ಬರೆದದ್ದನ್ನು ನೋಡಿ. 9 ತಿಂಗಳು ಒಂದು ಕಂತೂ ತಪ್ಪದೆ ಚೀಟಿ ಕಟ್ಟಿದ್ದೀರಿ. ತಿಂಗಳು ತಿಂಗಳು ಊರಿಗೆ 12,000 ಹೋಗುತ್ತಿದೆ. ಬಾಡಿಗೆ ಬಾಕಿ ಇಲ್ಲ. ಕಾರ್ಡಿನ ಕಂತನ್ನೂ ತಪ್ಪಿಸಿಲ್ಲ. ಕೈಯಲ್ಲಿ ದುಡ್ಡು ನಿಲ್ಲದವರು ಹೀಗಿರುವುದಿಲ್ಲ. ನಾನು ಸಾಲದ ವಿಭಾಗದಲ್ಲಿ ಕೂತು ಅಂಥವರನ್ನೂ ನೋಡಿದ್ದೇನೆ, ನನ್ನ ಮಾತು ನಂಬಿ. ಅಮ್ಮ ಆ ಮಾತು ಹೇಳುವಾಗ ಅವರ ಕಣ್ಣ ಮುಂದೆ ಇರುವುದು ನೀವಲ್ಲ, ಬಳೆಯಿಲ್ಲದ ತಮ್ಮ ಖಾಲಿ ಕೈ.

ಚಿಂತೆಯಲ್ಲಿರುವಾಗ ತಪ್ಪು ಲೆಕ್ಕ ಹಾಕುವುದು ದಡ್ಡತನವೂ ಅಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕಬ್ಬಿನವರ ಪಾಡು ನಮ್ಮ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಟಾವಿಗೆ ಮೊದಲು ಕೈ ಖಾಲಿ, ಕಬ್ಬಿನ ದುಡ್ಡು ಬಂದ ಮೇಲೆ ಕೈ ತುಂಬ. ಅದೇ ರೈತರಿಗೆ ಕಟಾವಿಗೆ ಮೊದಲೊಮ್ಮೆ, ಆಮೇಲೊಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಮಾಡಿದರು. ದುಡ್ಡಿಲ್ಲದ ದಿನಗಳಲ್ಲಿ ಅವರು ಎಡವಿದ್ದು ಜಾಸ್ತಿ. ಮನುಷ್ಯರು ಅವರೇ, ತಲೆಯೂ ಅದೇ. ತಲೆಯ ಅರ್ಧ ಜಾಗವನ್ನು ಚಿಂತೆ ಬಾಡಿಗೆಗೆ ಹಿಡಿದಿತ್ತು, ಅಷ್ಟೇ. 20ನೇ ತಾರೀಖಿನ ಮೇಲೆ ನೀವು ಮಾಡುವ ತೀರ್ಮಾನಗಳನ್ನು ಈ ಬೆಳಕಿನಲ್ಲಿ ಒಮ್ಮೆ ನೋಡಿ. ದೊಡ್ಡ ತೀರ್ಮಾನಗಳನ್ನೆಲ್ಲ ಸಂಬಳ ಬಂದ ವಾರಕ್ಕೆ ಎತ್ತಿಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಕಾರ್ಡು. ಹೆಚ್ಚಿನ ಕಾರ್ಡ್‌ಗಳಲ್ಲಿ ತಿಂಗಳಿಗೆ 3ರಿಂದ 3.75 ಪರ್ಸೆಂಟ್ ಬಡ್ಡಿ ಇರುತ್ತದೆ. ನಿಮ್ಮದು 3.5 ಅಂತ ಇಟ್ಟುಕೊಳ್ಳೋಣ. 84,000ಕ್ಕೆ ತಿಂಗಳ ಬಡ್ಡಿ 2,940. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 529. ಎರಡೂ ಸೇರಿ 3,469. ನೀವು ಕಟ್ಟುವ 4,200ರಲ್ಲಿ ಅಸಲಿಗೆ ಹೋಗುವುದು 731 ರೂಪಾಯಿ. ತಿಂಗಳಿಗೆ ಮೂರೂವರೆ ಅಂದರೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ 42, ತೆರಿಗೆ ಸೇರಿದರೆ 49ರ ಮೇಲೆ. ಮೀಟರ್ ಬಡ್ಡಿಯವರನ್ನು ಬೈಯುವ ನಾವು ಇದನ್ನು ಮಾತ್ರ ಫೋನಿನಲ್ಲಿ ಬೆರಳಾಡಿಸಿ ಕಟ್ಟಿ ಸುಮ್ಮನಾಗುತ್ತೇವೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಬಾಕಿ ಪೂರ್ತಿ ತೀರುವವರೆಗೆ ಕಾರ್ಡಿನಲ್ಲಿ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೇ ಇರುವುದಿಲ್ಲ. ನೀವು ಮೊನ್ನೆ ಕಾರ್ಡ್ ಕೊಟ್ಟು ತಿಂದ ಊಟಕ್ಕೂ ಅವತ್ತಿನಿಂದಲೇ ಬಡ್ಡಿ. ಹಾಗಾಗಿ ಇವತ್ತಿನಿಂದ ಆ ಕಾರ್ಡ್ ಬಳಕೆ ಬಂದ್. ಕತ್ತರಿಸಿ ಬಿಸಾಡಿ ಅಂತ ಹೇಳುವುದಿಲ್ಲ, ಅದೆಲ್ಲ ನಾಟಕ. ಆರ್ಡರ್ ಮಾಡುವ ಆಪ್‌ಗಳಲ್ಲಿ ಉಳಿಸಿಟ್ಟಿರುವ ಕಾರ್ಡನ್ನು ತೆಗೆದುಹಾಕಿ. ಮತ್ತೆ ಬೇಕಾದರೆ ಎದ್ದು ಹೋಗಿ ಬ್ಯಾಗಿನಿಂದ ಕಾರ್ಡ್ ತಂದು ಹದಿನಾರು ಅಂಕಿ ಒತ್ತಬೇಕು. ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಸರಿ, 84,000 ತೀರಿಸುವುದು ಎಲ್ಲಿಂದ? ನಿಮ್ಮ ಹತ್ತಿರವೇ ಇದೆ. ಚೀಟಿ.

ಈ ಮಾತು ಓದುವಾಗ ನಿಮಗೆ ಸಿಟ್ಟು ಬಂದಿರಬಹುದು. ಆದರೂ ಲೆಕ್ಕ ನೋಡಿಬಿಡಿ. ಕಾರ್ಡಿನಲ್ಲಿ ಹೊಸದಾಗಿ ಒಂದು ರೂಪಾಯಿಯನ್ನೂ ಉಜ್ಜದೆ, ಈಗಿನ ಹಾಗೇ ಬಾಕಿಯ ಐದು ಪರ್ಸೆಂಟ್ ಕಟ್ಟುತ್ತಾ ಹೋದರೆ, ಕೊನೇ ಚೀಟಿಯವರೆಗಿನ 11 ತಿಂಗಳಿಗೆ ಬಡ್ಡಿ, ತೆರಿಗೆ ಅಂತ 36,000ಕ್ಕಿಂತ ಜಾಸ್ತಿ ಹೋಗುತ್ತದೆ. ಮುಂದಿನ ತಿಂಗಳೇ ಹರಾಜಿನಲ್ಲಿ ಚೀಟಿ ಕೂಗಿ, 14,000 ಬಿಟ್ಟುಕೊಟ್ಟು ಎತ್ತಿದರೂ ಕೈಗೆ 86,000 ಬರುತ್ತದೆ. ಕಾರ್ಡ್ ತೀರಿ ಎರಡು ಸಾವಿರ ಉಳಿಯುತ್ತದೆ. 14,000 ಉಳಿಸಲು ಹೋಗಿ 36,000 ಸುರಿಯುತ್ತಿದ್ದೀರಿ. ಇದೇ ಲೆಕ್ಕ ನಿಮ್ಮ ಆಫೀಸಿನ ಫೈಲಿನಲ್ಲಿದ್ದರೆ ಎರಡೇ ನಿಮಿಷದಲ್ಲಿ ಹಿಡಿಯುತ್ತಿದ್ದಿರಿ.

ಯಾಕೆ ಹಿಡಿಯಲಿಲ್ಲ ಅಂದರೆ, ಆ ದುಡ್ಡಿನ ಮೇಲೆ "ಬಳೆ" ಅಂತ ಲೇಬಲ್ ಅಂಟಿಸಿದ್ದೀರಿ. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಸ್ಕೂಲ್ ಫೀಸು ಇಡುತ್ತಿದ್ದರು. ಪ್ರಾಣ ಹೋದರೂ ಒಂದರ ದುಡ್ಡು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರ ಮುಖ್ಯ ಕೆಲಸಗಳಲ್ಲಿ ಒಂದು ಇದರ ಬಗ್ಗೆಯೇ. ದುಡ್ಡೆಲ್ಲ ಒಂದೇ ಆದರೂ ಜನ ಅದನ್ನು ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗೆ ಹಾಕಿಟ್ಟುಕೊಳ್ಳುತ್ತಾರೆ ಅಂತ ಅವರು ತೋರಿಸಿದರು. ನಮ್ಮ ಅಮ್ಮಂದಿರಿಗೆ ಇದು ಹೊಸ ವಿಷಯವೇನಲ್ಲ ಬಿಡಿ. ಡಬ್ಬಿ ಪದ್ಧತಿ ಒಳ್ಳೆಯದೇ, ಖರ್ಚಿಗೆ ಕಡಿವಾಣ ಹಾಕುತ್ತದೆ. ಆದರೆ ಒಂದು ಡಬ್ಬಿಗೆ ಬೆಂಕಿ ಬಿದ್ದಿರುವಾಗ ಪಕ್ಕದ ಡಬ್ಬಿಯ ನೀರನ್ನು ಇದು ದೇವರ ನೀರು ಅಂತ ಕಾಪಾಡುತ್ತಾ ಕೂರಬಾರದು.

ಚೀಟಿ ಎತ್ತಲು ನನಗೆ ಇನ್ನೊಂದು ಕಾರಣವೂ ಇದೆ. ಆಫೀಸಿನವರೇ ನಡೆಸುವ ಚೀಟಿ ಅಂದಿರಿ. ಅಂದರೆ ಬಹುಶಃ ನೋಂದಣಿ ಆಗಿಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿಯಾದ ಚೀಟಿಗಳಿವೆ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನಂಬಿಕೆಯ ಮೇಲೆ ನಡೆಯುವ ಚೀಟಿಯಲ್ಲಿ ನಡೆಸುವವರು ಕೆಲಸ ಬಿಟ್ಟು ಹೋದರೆ ಕೊನೇ ಚೀಟಿಗೆ ಕಾದವರೇ ಮೊದಲು ಮುಳುಗುವುದು. ನಿಮ್ಮ ಸಹೋದ್ಯೋಗಿ ಒಳ್ಳೆಯವರೇ ಇರಬಹುದು. ಚೀಟಿ ಮುಳುಗಿಸಿ ಹೋದವರೂ ಹೋಗುವ ಹಿಂದಿನ ದಿನದವರೆಗೆ ಒಳ್ಳೆಯವರೇ ಆಗಿದ್ದರು.

ಎತ್ತಿದ ಮೇಲೆ ಎರಡು ಎಚ್ಚರ. ಉಳಿದ 11 ಕಂತುಗಳನ್ನು ಈಗಿನ ಹಾಗೇ ಕಟ್ಟಬೇಕು, ಅದು ಈಗ ನಿಮ್ಮ ಸಾಲ. ಮತ್ತೆ, ಕಾರ್ಡ್ ಪೂರ್ತಿ ತೀರಿಸಿದ ಮರುತಿಂಗಳೂ ಸ್ಟೇಟ್‌ಮೆಂಟ್‌ನಲ್ಲಿ ಒಂದಿಷ್ಟು ಬಡ್ಡಿ ಕಾಣಿಸಬಹುದು. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಗಾಬರಿಯಾಗಬೇಡಿ, ಅದನ್ನೂ ಕಟ್ಟಿ ಮುಗಿಸಿ. ಒಂದು ವೇಳೆ ಬೇರೆಯವರು ನಿಮಗಿಂತ ಜೋರಾಗಿ ಕೂಗಿ ಚೀಟಿ ಈಗ ಸಿಗಲೇ ಇಲ್ಲ ಅಂದರೆ, ಸಂಬಳ ಬರುವ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಕೇಳಿ. 16 ಪರ್ಸೆಂಟ್ ಬಡ್ಡಿಗೆ 18 ತಿಂಗಳು ಅಂದರೆ ಕಂತು ಸುಮಾರು 5,280. ಈಗ ಕಟ್ಟುತ್ತಿರುವುದಕ್ಕಿಂತ ಸಾವಿರ ಜಾಸ್ತಿ, ಆದರೆ ಅದಕ್ಕೊಂದು ಕೊನೆ ಇದೆ.

ಇಷ್ಟು ಸಾಲದ ಮಾತು. ಸಾಲ ತೀರಿದ ಮಾತ್ರಕ್ಕೆ ನೀವು ಕೇಳಿದ ನೆಮ್ಮದಿ ಬರುತ್ತದೆ ಅಂತ ಹೇಳಲಾರೆ. ಕಾರ್ಡ್ ತೀರಿಸಿ ಆರೇ ತಿಂಗಳಲ್ಲಿ ಮತ್ತೆ ಅಷ್ಟೇ ಮಾಡಿಕೊಂಡವರನ್ನು ನೋಡಿದ್ದೇನೆ. ಅವರ ದುಡ್ಡು ಎಲ್ಲಿ ಹೋಗುತ್ತಿತ್ತು ಅನ್ನುವುದು ಆಗಲೂ ಅವರಿಗೆ ಕಾಣುತ್ತಿರಲಿಲ್ಲ.

ಕಾಣುವುದು ಅಂದೆ. ಯೋಚಿಸಿ ನೋಡಿ, ನಮ್ಮಲ್ಲಿ ದುಡ್ಡು ಅಂದರೆ ಮುಟ್ಟುವ ವಸ್ತುವಾಗಿತ್ತು. ಕಾಲಿಗೆ ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಹೂ ಮಾರುವವರು ಬೋಣಿ ದುಡ್ಡನ್ನು ಇವತ್ತಿಗೂ ಹಣೆಗೆ ಮುಟ್ಟಿಸಿಯೇ ಚೀಲಕ್ಕೆ ಹಾಕುತ್ತಾರೆ. ದೀಪ ಹಚ್ಚಿದ ಮೇಲೆ ದುಡ್ಡು ಕೊಡಬಾರದು ಅಂತ ಅಜ್ಜಿ ತಡೆಯುತ್ತಿದ್ದರು. ಅದನ್ನೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕಿ, ಪರವಾಗಿಲ್ಲ. ಆದರೆ ದುಡ್ಡು ಕೈಬಿಡುವ ಮುಂಚೆ ಒಂದು ಗಳಿಗೆ ನಿಲ್ಲುವ ಅಭ್ಯಾಸ ಅದರಲ್ಲಿತ್ತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಅಲ್ಲಿಂದ ಕ್ಯೂಆರ್ ಕೋಡ್ ಹತ್ತು ರೂಪಾಯಿ ಕಾಫಿಯವರೆಗೂ ಬಂದು ನಿಂತಿದೆ. ನಾನೂ ಬಳಸುತ್ತೇನೆ, ಅದರಷ್ಟು ಅನುಕೂಲ ಇನ್ನೊಂದಿಲ್ಲ. ಆದರೆ ಪರ್ಸ್ ತೆಳ್ಳಗಾಗುವುದು ಮಾತ್ರ ಕೈಗೆ ಗೊತ್ತಾಗುವುದಿಲ್ಲ.

ಅದಕ್ಕೆ ನಾನು ಹೇಳಿಕೊಡುವುದು ಸಂತೆ ದುಡ್ಡಿನ ಪದ್ಧತಿ. ಹಳ್ಳಿಯವರಾದ್ದರಿಂದ ನಿಮಗೆ ತಕ್ಷಣ ತಿಳಿಯುತ್ತದೆ. ವಾರಕ್ಕೊಂದು ಸಂತೆ. ಚೀಲದಲ್ಲಿ ಎಷ್ಟಿದೆಯೋ ಅಷ್ಟಕ್ಕೇ ವ್ಯಾಪಾರ. ಖಾಲಿಯಾದರೆ ಮುಂದಿನ ಸಂತೆಗೆ. ಈಗ ನಿಮ್ಮ ಸಂಬಳದ ಅಕೌಂಟಿಗೇ ಯುಪಿಐ ಜೋಡಿಸಿದ್ದೀರಿ ಅಂದುಕೊಳ್ಳುತ್ತೇನೆ. ಅಂದರೆ ಕಣಜದ ಬಾಗಿಲನ್ನು ಬೀದಿಗೆ ತೆರೆದಿಟ್ಟ ಹಾಗೆ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಯುಪಿಐಯನ್ನು ಸಂಬಳದ ಖಾತೆಯಿಂದ ಬಿಡಿಸಿ ಅದಕ್ಕೆ ಮಾತ್ರ ಜೋಡಿಸಿ. ಪ್ರತಿ ಸೋಮವಾರ ಬೆಳಿಗ್ಗೆ ಸಂಬಳದ ಖಾತೆಯಿಂದ ಅದಕ್ಕೆ 3,000 ಹಾಕಿ. ಆ ವಾರದ ತಿಂಡಿ, ಆಟೋ, ಸಿನಿಮಾ, ಕುರ್ತಾ, ಏನಿದ್ದರೂ ಅಷ್ಟರಲ್ಲೇ.

ಮೂರು ಸಾವಿರ ಯಾಕೆ ಅಂದರೆ, 58,000ದಲ್ಲಿ ಬಾಡಿಗೆ, ಊರು, ಚೀಟಿ ಮೂರೂ ಕಳೆದರೆ 30,000. ರೇಷನ್, ಗ್ಯಾಸ್, ಕರೆಂಟ್, ಮೆಟ್ರೋ, ಫೋನ್ ಅಂತ 7,000 ಇಡೋಣ. ಸಂತೆ ದುಡ್ಡು ತಿಂಗಳಿಗೆ ಸುಮಾರು 13,000. ಇನ್ನೂ 10,000 ಉಳಿಯಿತು. ಕಾರ್ಡಿನ ಸಾಲ ತೀರಿ, ಆ ಕಂತು ನಿಂತ ಮೇಲಿನ ಲೆಕ್ಕ ಇದು. ನೀವು ಈ 10,000ವನ್ನು ಯಾವತ್ತಾದರೂ ಕಣ್ಣಿಂದ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಮೊದಲ ತಿಂಗಳೇ ಅದು ಪೂರ್ತಿ ಉಳಿಯುವುದೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅರ್ಧ ಉಳಿದರೂ ಗೆದ್ದಿರಿ.

ಅದರಲ್ಲಿ ಮೊದಲ 3,000 ಬೇರೆ ತೆಗೆದಿಡಿ. ಇದು ಬರುತ್ತದೆ ಅಂತ ಗೊತ್ತಿದ್ದೂ ನಾವು ಮರೆಯುವ ಖರ್ಚುಗಳಿಗೆ. ಗೌರಿ-ಗಣೇಶ, ಗಾಡಿ ಇನ್ಶೂರೆನ್ಸ್, ಹಲ್ಲು ನೋವು, ಮತ್ತೆ ಮುಖ್ಯವಾಗಿ ಮುಯ್ಯಿ. ಮದುವೆ ಸೀಸನ್ ಬಂದರೆ ಸಂಬಳ ಎಲ್ಲಿ ಹೋಯಿತು ಅಂತ ಕೇಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮುಯ್ಯಿ ಪುಸ್ತಕ ಇತ್ತು, ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟದ್ದು. ನಾವು ವಾಪಸ್ ಹಾಕಬೇಕಾದ್ದು ಅದರಲ್ಲಿ ಮೊದಲೇ ಕಾಣುತ್ತಿತ್ತು. ಆ ಪುಸ್ತಕ ಒಂದು ಬಜೆಟ್ಟೇ, ನಾವು ಹಾಗೆ ಕರೆಯುತ್ತಿರಲಿಲ್ಲ ಅಷ್ಟೇ.

ಈಗ ಕಷ್ಟದ್ದು. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹತ್ತು ನಿಮಿಷ ಕೂರಬೇಕು. ಎರಡೂ ಖಾತೆ, ಕಾರ್ಡು, ಮೂರನ್ನೂ ತೆರೆಯಬೇಕು. ಮೊದಲ ವಾರ ಎದೆ ಹೊಡೆದುಕೊಂಡೇ ಹೊಡೆದುಕೊಳ್ಳುತ್ತದೆ. ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಏನೂ ನೋಡಬೇಕಾಗಿಲ್ಲ, ಪೇಪರ್ ಓದುತ್ತಿರಲಿ. ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಆ ವಾರದ ಖರ್ಚುಗಳನ್ನು ಕೈಯಲ್ಲೇ ಬರೆಯಿರಿ. ಆಪ್ ಬೇಡ. ಎಕ್ಸೆಲ್ ಅಂತೂ ಬೇಡವೇ ಬೇಡ, ನಿಮಗೆ ಅದು ಆಫೀಸು. ಪ್ರತಿ ಖರ್ಚಿನ ಮುಂದೆ ಒಂದು ಗುರುತು. ಮತ್ತೆ ಅವಕಾಶ ಸಿಕ್ಕರೂ ಇದನ್ನೇ ಮಾಡುತ್ತಿದ್ದೆ ಅನ್ನಿಸಿದರೆ ಟಿಕ್. ಏನು ತಂದೆ ಅಂತಲೇ ನೆನಪಿಲ್ಲದಿದ್ದರೆ ಚುಕ್ಕೆ. ಟಿಕ್ ಬಿದ್ದ ಖರ್ಚು ಎಷ್ಟೇ ದೊಡ್ಡದಿದ್ದರೂ ಅದರ ಬಗ್ಗೆ ಮಾತಿಲ್ಲ. ಮೈಸೂರಿಗೆ ಹೋಗಿ ಗೆಳತಿಯರ ಜೊತೆ ಎರಡು ಸಾವಿರ ಖರ್ಚು ಮಾಡಿ ಖುಷಿಯಾಗಿದ್ದರೆ ಆ ದುಡ್ಡು ತನ್ನ ಕೆಲಸ ಮಾಡಿದೆ. ಕಂಜೂಸಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ದಿನಾ ಮನೆಯ ಡಬ್ಬಿ ಊಟ ತಿಂದು, ಬೈದುಕೊಂಡು, ತಿಂಗಳ ಕೊನೆಗೆ ಒಂದೇ ಸಲ ಹತ್ತು ಸಾವಿರದ ಸೀರೆ ತಂದವರು ಗೊತ್ತು.

ಚುಕ್ಕೆಗಳ ಪಕ್ಕದಲ್ಲಿ ಮಾತ್ರ ಇನ್ನೊಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು. ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ, ಸಾಫ್ಟ್‌ವೇರಿನವನು. ಅವನ ಪುಸ್ತಕದಲ್ಲಿ ಚುಕ್ಕೆಗಳೆಲ್ಲ ರಾತ್ರಿ ಹತ್ತೂವರೆ ಮೇಲೆ. ವಿದೇಶದ ಮ್ಯಾನೇಜರ್ ಜೊತೆ ಮೀಟಿಂಗ್ ಇದ್ದ ದಿನಗಳಲ್ಲಿ ಮಾತ್ರ. ಬಿರಿಯಾನಿ, ಮತ್ತೆ ಬಿರಿಯಾನಿ, ಒಮ್ಮೆ ಬ್ಲೂಟೂತ್ ಸ್ಪೀಕರ್. ನಾನು ಏನೂ ಹೇಳಲಿಲ್ಲ. ಅವನೇ ಪುಟ ತಿರುಗಿಸುತ್ತಾ, "ಮೇಡಂ, ಇದು ಹಸಿವಲ್ಲ ಅಲ್ವಾ" ಅಂದ. ಆಮೇಲೆ ಮೀಟಿಂಗ್ ಮುಗಿದ ತಕ್ಷಣ ಕೆಳಗಿಳಿದು ಎರಡು ರಸ್ತೆ ಸುತ್ತಿ ಬರಲು ಶುರು ಮಾಡಿದ. ಬಿರಿಯಾನಿ ಪೂರ್ತಿ ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ.

ನೀವು ಅವನಿಗಿಂತ ಮುಂದಿದ್ದೀರಿ. ಊರಿಗೆ ಫೋನ್ ಮಾಡಿದ ರಾತ್ರಿ ಆರ್ಡರ್ ಮಾಡುತ್ತೇನೆ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ಅಪ್ಪ ದುಡ್ಡು ಕೇಳುತ್ತಾರೋ, ಅಥವಾ ಕೇಳದೆ ಸುಮ್ಮನಿರುತ್ತಾರೋ ನನಗೆ ಗೊತ್ತಿಲ್ಲ. ಸುಮ್ಮನಿರುವುದು ಇನ್ನೂ ಜಾಸ್ತಿ ಚುಚ್ಚುತ್ತದೆ. ಆ ಫೋನನ್ನು ರಾತ್ರಿ ಮಲಗುವ ಹೊತ್ತಿನಿಂದ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಗೆ ಬದಲಾಯಿಸಿ ನೋಡಿ. ಕೆಲಸಕ್ಕೆ ಬಾರದ ಸಲಹೆ ಅನ್ನಿಸಬಹುದು, ಎರಡು ವಾರ ಮಾಡಿ ನೋಡಿ ಆಮೇಲೆ ಹೇಳಿ. ದುಡ್ಡು ಕೇಳಿದರೆ ಇಲ್ಲ ಅನ್ನಲು ನಿಮಗೆ ಆಗುವುದಿಲ್ಲ, ನಮಗ್ಯಾರಿಗೂ ಆಗುವುದಿಲ್ಲ. ತಾರೀಖು ಹೇಳುವುದು ಸುಲಭ. "ಅಪ್ಪ, ಈ ತಿಂಗಳದ್ದು ಕಳಿಸಿದ್ದೀನಿ. ಇನ್ನೂ ಬೇಕಿದ್ರೆ ಒಂದನೇ ತಾರೀಖಾಗ್ಲಿ, ಯಾತಕ್ಕೆ ಅಂತ ಹೇಳಿ, ಕೂತು ನೋಡೋಣ." ಇಷ್ಟೇ. ಮೊದಲ ಸಲ ಮುನಿಸಿಕೊಳ್ಳುತ್ತಾರೆ. ಎರಡನೇ ಸಲ ಯಾತಕ್ಕೆ ಅಂತ ಹೇಳುತ್ತಾರೆ.

ಉಳಿಸುವ ವಿಷಯಕ್ಕೆ ಹೆಚ್ಚು ಬರೆಯುವುದಿಲ್ಲ, ಅದು ನಿಮಗೆ ಬರುತ್ತದೆ. ಒಂದೇ ಮಾತು. 1928ರಲ್ಲಿ ಉಡುಪಿಯಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಪಿಗ್ಮಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಎರಡಾಣೆಯಿಂದ ಯಾರೂ ಸಾಹುಕಾರರಾಗುವುದಿಲ್ಲ. ಆದರೆ ದಿನಾ ಒಬ್ಬರು ಬಂದು ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದರಲ್ಲ, ಅಂಗಡಿಯವರಿಗೆ, ಬೀಡಿ ಕಟ್ಟುವ ಹೆಂಗಸರಿಗೆ ದುಡ್ಡಿನ ಭಯ ಹೋಗಿದ್ದು ಅದರಿಂದ. ನೀವೂ ಉಳಿದ ದುಡ್ಡನ್ನು ಆರ್‌ಡಿಗೆ, ಅಂದರೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಗೆ ಹಾಕಿ, ಸಣ್ಣ ಮೊತ್ತದಿಂದಲೇ ಶುರುವಾಗಲಿ. ಮೂರು ತಿಂಗಳ ಖರ್ಚು ಕೂಡುವವರೆಗೆ ಷೇರು, ಕ್ರಿಪ್ಟೋ ಅಂತ ಯಾರು ಹೇಳಿದರೂ ಕಿವಿ ಕೊಡಬೇಡಿ. ಪಿಗ್ಮಿಯೇ ಕಟ್ಟುತ್ತೇನೆ ಅಂದರೂ ಸರಿ, ಬ್ಯಾಂಕಿನಲ್ಲಿ ಕಟ್ಟಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಕೇಳಿ ತಿಳಿದುಕೊಳ್ಳಿ.

ನಿದ್ದೆ ಬರುವುದಿಲ್ಲ ಅಂತ ಬರೆದಿದ್ದೀರಿ. ಲೆಕ್ಕ ಹಾಳೆ ಮೇಲೆ ಬಂದ ಮೇಲೂ ಹಾಗೇ ಇದ್ದರೆ, ಅಥವಾ ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಸುಳಿದರೂ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಸಂಕೋಚ ಬೇಡ. ಸಾಲದ ವಿಭಾಗದಲ್ಲಿ ಕೂತವಳಿಗೆ ಕೆಲವು ಖಾಲಿ ಕುರ್ಚಿಗಳು ಇವತ್ತಿಗೂ ನೆನಪಿವೆ.

ಈಗ ಬಳೆ. 8ನೇ ಕ್ಲಾಸಿನ ಹುಡುಗಿ ಒಂದು ತೀರ್ಮಾನ ಮಾಡಿದ್ದಾಳೆ, ಅಮ್ಮನ ಬಳೆ ನಾನು ವಾಪಸ್ ತರುತ್ತೇನೆ ಅಂತ. ಅವಳಿಗೆ ಈಗ 31. ಕಾರ್ಡಿನ ಬಡ್ಡಿ ಕಟ್ಟುತ್ತಾ ಇದ್ದಾಳೆ, ಆದರೂ ಬಳೆಯ ದುಡ್ಡು ಮುಟ್ಟುತ್ತಿಲ್ಲ. ಅವಳ ಮೇಲೆ ನನಗೆ ಗೌರವ ಇದೆ. ಚೀಟಿ ದುಡ್ಡಲ್ಲಿ ಕಾರ್ಡ್ ತೀರಿಸು ಅಂದಾಗ ಅವಳಿಗೆ ನಾನು ಗಿರವಿ ಅಂಗಡಿಯವಳ ಥರವೇ ಕಂಡಿರುತ್ತೇನೆ. ಬಳೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಡ್ ತೀರಿದ ತಿಂಗಳಿಂದ ಆ 4,200 ಅನ್ನು ಬಳೆಯ ಹೆಸರಲ್ಲೇ ಕಟ್ಟಲು ಶುರು ಮಾಡಿ. ಬ್ಯಾಂಕಿನ ಆಪ್‌ನಲ್ಲಿ ಆರ್‌ಡಿಗೆ ಹೆಸರು ಕೊಡುವ ಅವಕಾಶ ಇದ್ದರೆ ಹಾಗೇ ಬರೆಯಿರಿ, "ಅಮ್ಮನ ಬಳೆ".

ಅದಕ್ಕೆ ಮೊದಲು ಊರಿಗೆ ಹೋದಾಗ ಒಂದು ಕೆಲಸ ಮಾಡಿ. ರಾತ್ರಿ ಊಟ ಆದ ಮೇಲೆ, ಪಾತ್ರೆ ತೊಳೆಯುವ ಹೊತ್ತಿಗೆ, ಅಮ್ಮನ ಪಕ್ಕ ನಿಂತು ಆ ಬಳೆ ಎಷ್ಟು ಗ್ರಾಂ ಇದ್ದವು ಅಂತ ಕೇಳಿ. ಯಾವ ನಮೂನೆ, ಯಾರು ಮಾಡಿಸಿಕೊಟ್ಟಿದ್ದು, ಅವತ್ತು ಬಿಚ್ಚಿ ಕೊಡುವಾಗ ಏನನ್ನಿಸಿತು ಅಂತ ಕೇಳಿ. ಕಾರ್ಡಿನ ವಿಷಯವನ್ನೂ ಅಲ್ಲೇ ಹೇಳಿಬಿಡಿ, 84,000 ಅಂತ ಅಂಕಿ ಸಮೇತ. ಆಮೇಲೆ ಅವರಿಗೆ ಈಗ ಬಳೆ ಬೇಕಾ ಅಂತಲೂ ಕೇಳಿ. ನಿಮ್ಮ ಪತ್ರದಲ್ಲಿ ಎಲ್ಲಾ ಇದೆ, ಅವರು ಬೇಕು ಅಂದಿದ್ದು ಮಾತ್ರ ಎಲ್ಲೂ ಕಾಣಲಿಲ್ಲ.